ಗುಂಡಿನಾಟದ ಗೀಳು

ಅಂಚೆಚೀಟಿ ಕೂಡಿಡುವವನಿಗೆ ಮೇಜಿನ ಒಂದು ಖಾನೆ ಸಾಕು. ಪಿನ್‌ಬಾಲ್ ಯಂತ್ರಗಳನ್ನು ಕೂಡಿಡಹೊರಟ ಅಮೆರಿಕದ ಗೃಹಸ್ಥನು ಕಾರನ್ನೇ ಬೀದಿಗೆ ತಳ್ಳಬೇಕಾಗುತ್ತದೆ. ಒಂದೊಂದು ಯಂತ್ರವೂ ನೂರು ಕಿಲೋಗ್ರಾಂಗೆ ಮೀರಿ ತೂಗುತ್ತದೆ! ಗಾಜು ಹೊದಿಸಿದ ಇಳಿಜಾರು ಹಲಗೆ, ಅದರ ಮೇಲೆ ಉರುಳುವ ಉಕ್ಕಿನ ಗುಂಡು, ಅದು ಜಾರಿ ಹೋಗದಂತೆ ತಡೆದು ಹೊಡೆಯುವ ಎರಡು ಪುಟ್ಟ ರೆಕ್ಕೆಗಳು: ಆಟವೆಂದರೆ ಇಷ್ಟೇ.

ಈ ಗೀಳನ್ನು ಹತ್ತಿಸುವುದರಲ್ಲಿ ಸಾಕ್ಷ್ಯಚಿತ್ರಗಳ ಪಾಲೂ ಉಂಟು. 2006ರ ‘ಟಿಲ್ಟ್’ ಹೇಳುವುದು ಷಿಕಾಗೋದ ವಿಲಿಯಮ್ಸ್ ಕಂಪನಿಯ ಕಥೆ. ಸೊರಗುತ್ತಿದ್ದ ಆಟವನ್ನು ಉಳಿಸಲೆಂದು ಅಲ್ಲಿನ ಕುಶಲಿಗಳು ‘ಪಿನ್‌ಬಾಲ್ 2000’ ಎಂಬ ಹೊಸ ಬಗೆಯನ್ನು ರೂಪಿಸಿದರು. ಹಲಗೆಯ ಮೇಲೆಯೇ ಚಿತ್ರಗಳು ಓಡಾಡಿದವು. ಎರಡು ಆಟಗಳು ಹೊರಬಂದಿದ್ದವಷ್ಟೆ. 1999ರಲ್ಲಿ ಆ ವಿಭಾಗಕ್ಕೇ ಬೀಗ ಬಿದ್ದಿತು.

ಹಿಂದೆ, 1942ರಲ್ಲಿ, ನ್ಯೂಯಾರ್ಕಿನ ಮೇಯರ್ ಲಾಗಾರ್ಡಿಯಾ ಇದನ್ನು ಜೂಜೆಂದು ನಿಷೇಧಿಸಿ, ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿದ್ದರು. 1976ರಲ್ಲಿ ರೋಜರ್ ಷಾರ್ಪ್ ಎಂಬುವರು ನಗರಸಭೆಯವರ ಕಣ್ಣೆದುರಿಗೇ, ಗುಂಡು ಹಿಡಿಯುವ ದಾರಿಯನ್ನು ಮೊದಲೇ ಹೇಳಿ ಹೊಡೆದು ತೋರಿಸಿದರು. ಇದು ಅದೃಷ್ಟವಲ್ಲ, ಕೈಚಳಕವೆಂದು ಸಭೆಗೆ ಮನವರಿಕೆಯಾಗಿ ನಿಷೇಧ ತೊಲಗಿತು.

ಚಿತ್ರ ನೋಡಿ ಯಂತ್ರ ಕೊಂಡವನ ಪಾಡು ಮಾತ್ರ ಬೇರೆ. ರಬ್ಬರ್ ಬಳೆಗಳು ಬಿರಿಯುತ್ತವೆ, ಬಲ್ಬು ಸುಡುತ್ತದೆ, ತಂತಿಯ ಬೆಸುಗೆ ಬಿಡುತ್ತದೆ. ರಿಪೇರಿಯವನು ಸಿಗುವುದು ದುರ್ಲಭ. ಯಜಮಾನನೇ ಬೆಸುಗೆ ಕಲಿಯಬೇಕು. ಕೆಟ್ಟುಹೋದ ಯಂತ್ರದ ಅಂಗಗಳನ್ನು ಬಿಚ್ಚಿ ಇನ್ನೊಂದಕ್ಕೆ ಜೀವ ಕೊಡುವವರೂ ಉಂಟು. ಮನೆಗೆ ಎರಡನೆಯದು ಬರುವುದು ಈ ನೆಪದಿಂದಲೇ. ಮೂರನೆಯದಕ್ಕೆ ನೆಪವೂ ಬೇಕಾಗುವುದಿಲ್ಲ.