ಮನೆಗೂ ಹೆಣ್ಣು ತೋರಿಸುವ ಶಾಸ್ತ್ರವೇ?

ಈಗೀಗ ದೊಡ್ಡ ಮನೆ ಮಾರುವುದೆಂದರೆ ಮಗಳನ್ನು ವರನ ಕಡೆಯವರಿಗೆ ತೋರಿಸಿದ ಹಾಗಾಗಿದೆ. ಪೌಡರು ಹಚ್ಚು, ಕನ್ನಡಕ ತೆಗೆದಿಡು, ಬಹಳ ಮಾತಾಡಬೇಡ ಎಂದು ಒಂದು ಕಾಲಕ್ಕೆ ನಮಗೆ ಹೇಳುತ್ತಿದ್ದುದನ್ನೇ ಈಗ ಗೋಡೆಗಳಿಗೆ ಹೇಳುತ್ತಿದ್ದಾರೆ. ಬಿರುಕಿಗೆ ಬಣ್ಣ, ಸೋರುವ ಮೂಲೆಗೆ ಕಪಾಟು, ಗೆದ್ದಲು ಹತ್ತಿದ ಕಂಬಕ್ಕೆ ಪರದೆ. ಆ ಶಾಸ್ತ್ರದಿಂದ ಯಾವ ಹೆಣ್ಣಿಗೂ ಒಳ್ಳೆಯದಾಗಲಿಲ್ಲ. ಮನೆಗೂ ಆಗುವುದಿಲ್ಲ ಎಂಬುದು ನನ್ನ ವಾದ.

ಹುಬ್ಬಳ್ಳಿಗೂ ಶಿಗ್ಗಾವಿಗೂ ನಡುವೆ ಹೆದ್ದಾರಿಯ ಮಗ್ಗುಲಿಗಿರುವ ನಮ್ಮ ತಡಸದಂಥ ಊರುಗಳಲ್ಲಿ ದೊಡ್ಡ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಮಕ್ಕಳು ನೌಕರಿ ಹುಡುಕಿಕೊಂಡು ಬೆಂಗಳೂರು, ಪುಣೆ ಸೇರುತ್ತಾರೆ. ಉಳಿಯುವವರು ಒಬ್ಬ ಮುದುಕಿ, ಇಲ್ಲವೇ ನನ್ನಂಥ ಸಾಲಿ ಕಲಿಸುವ ಹೆಂಗಸು. 14 ಅಂಕಣದ ಮನೆ ಗುಡಿಸುವುದರಲ್ಲೇ ಮುಂಜಾನೆ ಮುಗಿಯುತ್ತದೆ. ಆದ್ದರಿಂದ ಮಾರುವುದೇ ತಪ್ಪು ಎಂದು ನಾನು ಹೇಳುವುದಿಲ್ಲ. ಹಿರಿಯರ ಮನೆ ಹೋಯಿತೆಂದು ಕಣ್ಣೀರಿಡುವ ಬಂಧುಗಳು ಒಂದು ದಿನ ಬಂದು ಪಡಸಾಲೆಯ ಕಸ ಹೊಡೆದು ನೋಡಲಿ, ಸಾಕು.

ನಮ್ಮ ಮನೆ ಮಾರುವ ಮಾತು ಎದ್ದಾಗ ದಲ್ಲಾಳಿಯೊಬ್ಬರು ಬಂದು ಸುತ್ತಾಡಿ ನೋಡಿದರು.

"ಅಕ್ಕೋರ, ಈ ಬೀಸುಕಲ್ಲು, ಒಳಕಲ್ಲು ಎಲ್ಲಾ ತಗಸ್ರಿ. ಮಣ್ಣಿನ ಗೋಡಿ ಅಂತ ಗೊತ್ತಾಗಬಾರದು, ಸಿಮೆಂಟ್ ಗಿಲಾವು ಮಾಡಿಸಿ ಪೇಂಟ್ ಹೊಡಸ್ರಿ. ಫೋಟೋದಾಗ ಅರಮನಿ ಕಂಡಂಗ ಕಾಣಬೇಕು."

"ಅಡಿಗಿ ಮನಿ ಸೋರತೈತಲ್ರಿ?"

"ಬ್ಯಾಸಗ್ಯಾಗ ತೋರಿಸೂಣು. ಯಾರ್ ಕೇಳ್ತಾರ?"

ಯಾರೂ ಕೇಳಲಿಕ್ಕಿಲ್ಲ. ಆದರೆ ಮಣ್ಣು, ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವ ಹೀರಿಕೊಂಡು ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು, ಗಿಲಾವು ಕೆಲವೇ ಮಳೆಗಾಲದಲ್ಲಿ ಹಪ್ಪಳದಂತೆ ಉಬ್ಬಿ ಏಳುತ್ತದೆ. ಅಷ್ಟರಲ್ಲಿ ಮಾರಿದವರ ಕೈಗೆ ದುಡ್ಡು ಬಂದಿರುತ್ತದೆ. ಕೊಂಡವರ ಮನೆಯ ಹೆಣ್ಣುಮಗಳು ಆ ತೇವದ ಗೋಡೆಯ ಪಕ್ಕದಲ್ಲಿ ಕೂಸಿಗೆ ಹಾಸುತ್ತಾಳೆ. ಅವಳೂ ನಮ್ಮಂಥವಳೇ ಎಂಬುದನ್ನು ಮರೆಯಬಾರದು.

ಕಾನೂನೂ ಇದನ್ನು ಒಪ್ಪುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಸ್ಪಷ್ಟವಾಗಿದೆ. ಕೊಳ್ಳುವವರು ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷ ಮನೆಯಲ್ಲಾಗಲಿ ಹಕ್ಕಿನಲ್ಲಾಗಲಿ ಇದ್ದರೆ, ಗೊತ್ತಿರುವ ಮಾರಾಟಗಾರ ಅದನ್ನು ತಿಳಿಸಲೇಬೇಕು. ಮುಚ್ಚಿಟ್ಟರೆ ಅದು ವಂಚನೆ. ಜಾಣತನ ಎಂದು ದಲ್ಲಾಳಿ ಕರೆದದ್ದಕ್ಕೆ ಕಾನೂನು ಇಟ್ಟ ಹೆಸರು ಅದು.

ಗೋಡೆಯ ದೋಷಕ್ಕಿಂತ ಹೆಚ್ಚಾಗಿ ಮುಚ್ಚಿಡುವುದು ಹಕ್ಕಿನ ದೋಷವನ್ನು. ಮಾರುವ ಮನೆಯನ್ನು ತೊಳೆದು, ಒರೆಸಿ, ನೋಡಬಂದವರಿಗೆ ಚಹಾ ಕಾಸಿ ಕೊಡುವವರು ನಾವು. ಕಾಗದದ ಮೇಲೆ ಮಾತ್ರ ನಾವಿರುವುದಿಲ್ಲ. ನನ್ನ ಇಬ್ಬರು ನಾದಿನಿಯರನ್ನೂ ಕರೆಸಿ ಕೇಳೋಣ ಎಂದಾಗ ನಮ್ಮ ಮನೆಯಲ್ಲೇ ಗುಸುಗುಸು ಎದ್ದಿತು. "ಕೊಟ್ಟ ಮನಿ ಸೇರಿದವರು, ಅವರಿಗ್ಯಾಕ? ಒಂದೊಂದು ಇಳಕಲ್ ಸೀರಿ ಉಡಿಸಿ ಸಹಿ ಹಾಕಿಸಿಕೊಂಡರಾತು" ಎಂದರು. ಅವರ ಪಾಲು ಹೋದರೆ ನಮ್ಮ ಪಾಲು ಸಣ್ಣದಾಗುತ್ತದೆಂಬ ಲೆಕ್ಕ ನನಗೂ ಬರುತ್ತದೆ. ಆದರೆ ನಾನೂ ಒಂದು ತವರಿನ ಮಗಳು.

ಹಿಂದೂ ವಾರಸಾ ಕಾಯ್ದೆಗೆ ನಮ್ಮ ರಾಜ್ಯ 1994ರಲ್ಲೇ ತಿದ್ದುಪಡಿ ತಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟಿತು. ಅದಕ್ಕೂ ಮುಂಚೆ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದಲ್ಲಿ ಆ ಬೇಧವೂ ಹೋಯಿತು. ಗಂಡುಮಕ್ಕಳು ಒಡೆಯುವ ತನಕ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕೇಳುವಂತಿಲ್ಲ ಎಂಬ ಹಳೆಯ 23ನೇ ಕಲಮೂ ಆಗಲೇ ಬಿದ್ದುಹೋಯಿತು. ಈ ಹಕ್ಕು ಹುಟ್ಟಿನಿಂದ ಬಂದದ್ದು, ಆ ದಿನ ತಂದೆ ಬದುಕಿರಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಾಟ್ನಿಗಳ ಮಾತು ಬೇರೆ. ಉಳಿದಂತೆ ಹೆಣ್ಣುಮಕ್ಕಳನ್ನು ಬಿಟ್ಟು ಬರೆದ ಖರೀದಿ ಪತ್ರಕ್ಕೆ ಎಷ್ಟು ಬಣ್ಣ ಬಳಿದರೂ ನಾಳೆ ಕೋರ್ಟಿನಲ್ಲಿ ಅದು ಸೋರುತ್ತದೆ.

ನಿಜ ಹೇಳಿದರೆ ಬೆಲೆ ಇಳಿಯುತ್ತದೆ ಎನ್ನುತ್ತಾರೆ. ಹಳೆಯ ಮನೆಯ ಬೆಲೆ ಯಾವುದರಲ್ಲಿದೆ ಎಂದು ಮೊದಲು ತಿಳಿಯೋಣ. ದಲ್ಲಾಳಿ ತೆಗೆಸಿರಿ ಎಂದ ಆ ಬೀಸುಕಲ್ಲಿನ ಬದುಕನ್ನೇ ಇಲ್ಲಿಗೆ ಸಮೀಪದ ಗೋಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಶಿಲ್ಪಗಳಾಗಿ ನಿಲ್ಲಿಸಿದರು. ಜನ ಟಿಕೀಟು ಕೊಂಡು ಹೋಗಿ ನೋಡುತ್ತಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲು ಹೊರಟ ಹಳೆಯ ಮನೆಗಳನ್ನು ಕಂಬ, ತೊಲೆ ಬಿಚ್ಚಿ ತಂದು ಮತ್ತೆ ಕಟ್ಟಿಸಿದರು. ಇತ್ತ ನಾವು ಸಾಗವಾನಿ ಕಂಬಕ್ಕೆ ಎಣ್ಣೆ ಪೇಂಟು ಬಳಿದು, ಅದು ಸಿಮೆಂಟಿನದೋ ಕಟ್ಟಿಗೆಯದೋ ತಿಳಿಯದ ಹಾಗೆ ಮಾಡಿ, ಬೆಲೆ ಬರಲಿಲ್ಲವೆಂದು ಗೊಣಗುತ್ತೇವೆ.

ಮನೆಯನ್ನು ಚೊಕ್ಕ ಮಾಡಬೇಡಿರೆಂದು ನಾನು ಹೇಳುತ್ತಿಲ್ಲ. ಒಡೆದ ಹಂಚು ಬದಲಿಸಿ, ಗೋಡೆಗೆ ಸುಣ್ಣ ಹೊಡೆಸಿ, ಅಟ್ಟದ ಮೇಲಿನ ಅಡಗಲು ಇಳಿಸಿ, ಕಿಟಕಿ ತೆರೆದಿಡಿ. ಬೆಳಕು ಬಂದರೆ ಮನೆ ತಾನೇ ಚೆಂದ ಕಾಣುತ್ತದೆ. ಖರ್ಚು ಮಾಡುವುದಿದ್ದರೆ ಮೊದಲು ಕಾಗದಕ್ಕೆ ಮಾಡಿ. ಪಂಚಾಯ್ತಿಯ ಇ-ಸ್ವತ್ತು ಉತಾರ, ಉಪನೋಂದಣಿ ಕಚೇರಿಯ ಋಣಭಾರ ಪತ್ರ, ವಾರಸುದಾರರೆಲ್ಲರ ಒಪ್ಪಿಗೆ ತಯಾರಿರಲಿ.

ನಮ್ಮ ಮನೆಯ ಜಾಹೀರಾತನ್ನು ಕಡೆಗೆ ನಾನೇ ಬರೆದೆ: "14 ಅಂಕಣದ ಹಂಚಿನ ಮನೆ. ಮಣ್ಣಿನ ಗೋಡೆ, ಸಾಗವಾನಿ ಕಂಬ. ಹಿತ್ತಲಲ್ಲಿ ಬಾವಿ, ಬೇಸಿಗೆಯಲ್ಲಿ ನೀರು ಕಡಿಮೆ. ಅಡಿಗೆ ಮನೆಯ ಮಾಡು ರಿಪೇರಿ ಆಗಬೇಕು. ಮಾರುವವರು ಅಣ್ಣತಮ್ಮಂದಿರು ಮತ್ತು ಅಕ್ಕತಂಗಿಯರು." ಕೊನೆಯ ಸಾಲು ಯಾಕೆ ಎಂದು ಎಲ್ಲರೂ ಕೇಳಿದರು. ಮನೆ ಇನ್ನೂ ಮಾರಿಲ್ಲ, ಆ ಸಾಲನ್ನು ನಾನು ತೆಗೆದಿಲ್ಲ. ನಿಮ್ಮ ತವರಿನ ಮನೆ ಮಾರಾಟಕ್ಕೆ ಬಂದಾಗ ಬಣ್ಣ ಯಾವುದು ಎಂದು ಕೇಳುವ ಮೊದಲು, ಆ ಸಾಲು ಇದೆಯೇ ಎಂದು ಕೇಳಿರಿ.