ಯಾತ್ರೆಯ ಮುಂಗಡ ಹಣವೂ ಹೊರಡುವ ಹಿಂದಿನ ರಾತ್ರಿಯ ಜ್ವರವೂ

ಆಗಸ್ಟ್ ತಿಂಗಳು ಸಮೀಪಿಸಿತೆಂದರೆ ಶ್ರೀರಾಂಪುರದ ಕಥೋಲಿಕ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಧ್ವಜಾರೋಹಣಕ್ಕೆ ಮನೆಯಿಂದ ಯಾರು ಯಾರು ಹೋಗುವುದು ಎಂಬುದು ಒಂದು. ವೇಲಾಂಕಣಿಗೆ ಈ ವರ್ಷ ಬಸ್ಸು ಹೊರಡುವ ದಿನ ಯಾವುದು, ತಲೆಗೆಷ್ಟು ಹಣ ಎಂಬುದು ಮತ್ತೊಂದು. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರವರೆಗಿನ ಆ ದಿನಗಳು ನಮ್ಮ ಜನರ ಬದುಕಿನಲ್ಲಿ ಎಷ್ಟು ಬೇರೂರಿವೆಯೆಂದರೆ, ವರ್ಷವಿಡೀ ರಜೆಯನ್ನೇ ಕಾಣದ ಕಾರ್ಮಿಕನೂ ಅವುಗಳಿಗಾಗಿ ಒಂದಿಷ್ಟು ಹಣವನ್ನು ತೆಗೆದಿರಿಸುತ್ತಾನೆ.

ಇಂತಹ ಯಾತ್ರೆಯೂ ನಿಂತುಹೋದ ಕಾಲವನ್ನು ನಾವೆಲ್ಲರೂ ಕಂಡಿದ್ದೇವೆ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿಕೊಂಡಿತು. ಆ ವರ್ಷದ ಆರೋಗ್ಯಮಾತೆಯ ಉತ್ಸವ ವೇಲಾಂಕಣಿಯಲ್ಲಿಯೂ ಶಿವಾಜಿನಗರದಲ್ಲಿಯೂ ಭಕ್ತರ ಸಂದಣಿಯಿಲ್ಲದೆಯೇ ನಡೆಯಿತು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಕುರಿತ ಜಾಗತಿಕ ತುರ್ತುಸ್ಥಿತಿ ಕೊನೆಗೊಂಡಿತೆಂದು ಸಾರಿತು. ಬಸ್ಸುಗಳು ಮತ್ತೆ ತುಂಬಿವೆ. ಬೆಟ್ಟ, ಕಡಲತೀರ, ಪುಣ್ಯಕ್ಷೇತ್ರಗಳಲ್ಲಿ ಜನಜಾತ್ರೆ ಮರಳಿದೆ. ಇದು ಸಂತೋಷದ ಸಂಗತಿ. ಆದರೆ ಬಾಗಿಲು ಮುಚ್ಚಿದಾಗ ಕಲಿತದ್ದನ್ನು ಬಾಗಿಲು ತೆರೆದೊಡನೆ ಮರೆತುಬಿಡುವುದು ಸರಿಯೇ ಎಂಬ ಪ್ರಶ್ನೆಯನ್ನು ನಮ್ಮ ಕುಟುಂಬಗಳ ಮುಂದಿಡಲು ನಾವು ಬಯಸುತ್ತೇವೆ.

ರೋಗವು ಪ್ರಯಾಣಿಕರೊಡನೆ ಪ್ರಯಾಣ ಮಾಡುವುದು ನಮ್ಮ ಊರಿಗೆ ಹೊಸದಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲುಮಾರ್ಗವನ್ನು ಹಿಡಿದು ಹುಬ್ಬಳ್ಳಿಯ ಕಡೆಯಿಂದ 1898ರಲ್ಲಿ ಬೆಂಗಳೂರಿಗೆ ಬಂದಿತು. ಇಕ್ಕಟ್ಟಾದ ಪೇಟೆಯ ಬೀದಿಗಳಲ್ಲಿ ಸಾವು ತಾಂಡವವಾಡಿತು. ನಮ್ಮ ನೆರೆಯ ಮಲ್ಲೇಶ್ವರವೂ ದಕ್ಷಿಣದ ಬಸವನಗುಡಿಯೂ ಗಾಳಿ ಬೆಳಕುಗಳಿಗೆ ಎಡೆಯಿರುವ ಹೊಸ ಬಡಾವಣೆಗಳಾಗಿ ಬೆಳೆದದ್ದು ಆ ಸಂಕಟದ ಹಿನ್ನೆಲೆಯಲ್ಲಿಯೇ. ರೈಲುನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಸೋಂಕಿತರನ್ನು ಬೇರ್ಪಡಿಸುವ ಶಿಬಿರಗಳು, 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ, ಇವೆಲ್ಲವೂ ಆ ಕಾಲದ ಕೊಡುಗೆಗಳು. ಅದೇ ಕಾಯಿದೆಯನ್ನೇ 2020ರಲ್ಲಿ ಸರ್ಕಾರಗಳು ಮತ್ತೆ ಕೈಗೆತ್ತಿಕೊಂಡವು. ಪ್ರಯಾಣಿಕನನ್ನು ಅಪರಾಧಿಯಂತೆ ಕಾಣುವ ಮನೋಭಾವವೂ ಮರಳಿತು: ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ಕೈಗೆ ಮುದ್ರೆಯೊತ್ತಲಾಯಿತು, ಬಾಗಿಲಿಗೆ ಚೀಟಿ ಅಂಟಿಸಲಾಯಿತು. ನೆರೆಹೊರೆಯವರು ಮುಖ ತಿರುಗಿಸಿದ ನೋವನ್ನು ಉಂಡ ಕುಟುಂಬಗಳು ನಮ್ಮಲ್ಲಿಯೂ ಇವೆ.

ಬಾಗಿಲು ತೆರೆದ ಕ್ಷಣದಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆಂಬುದಕ್ಕೆ ನಂದಿಬೆಟ್ಟವೇ ಸಾಕ್ಷಿ. ಎರಡನೆಯ ಅಲೆಯಲ್ಲಿ ಆಮ್ಲಜನಕಕ್ಕಾಗಿ ಬೆಂಗಳೂರು ಪರದಾಡಿದ್ದು 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ಜುಲೈ ತಿಂಗಳಲ್ಲಿ ನಿರ್ಬಂಧಗಳು ಸಡಿಲಗೊಂಡೊಡನೆ ಬೆಟ್ಟದ ದಾರಿಯುದ್ದಕ್ಕೂ ವಾಹನಗಳ ಸಾಲು ನಿಂತಿತು. ಜನಸಂದಣಿಯನ್ನು ತಾಳಲಾರದೆ ಚಿಕ್ಕಬಳ್ಳಾಪುರ ಜಿಲ್ಲಾಡಳಿತವು ವಾರಾಂತ್ಯದ ಪ್ರವೇಶವನ್ನೇ ನಿಷೇಧಿಸಬೇಕಾಯಿತು. ತಿಂಗಳುಗಟ್ಟಲೆ ನಾಲ್ಕು ಗೋಡೆಗಳ ನಡುವೆ ಉಸಿರುಗಟ್ಟಿದ್ದ ಜನರನ್ನು ನಾವು ದೂಷಿಸುವುದಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಆರು ಮಂದಿ ಬಾಳುವ ಶ್ರೀರಾಂಪುರದ ಓಣಿಗಳನ್ನು ಬಲ್ಲವರಿಗೆ ಹೊರಗಿನ ಗಾಳಿಯ ಬೆಲೆಯೂ ತಿಳಿದಿದೆ. ನಮ್ಮ ಮಾತು ಇಷ್ಟೇ: ಸರ್ಕಾರ ಅನುಮತಿ ಕೊಟ್ಟಿತೆಂದ ಮಾತ್ರಕ್ಕೆ ನಮ್ಮ ಹೊಣೆ ತೀರುವುದಿಲ್ಲ. ಅನುಮತಿ ಎಲ್ಲಿ ಮುಗಿಯುತ್ತದೆಯೋ ಅಲ್ಲಿಂದ ಅಂತಃಸಾಕ್ಷಿಯ ಕೆಲಸ ಆರಂಭವಾಗುತ್ತದೆ.

ಯಾತ್ರಾರ್ಥಿಗಳ ಬಸ್ಸಿಗೆ ಸಂಬಂಧಿಸಿದ ಒಂದು ಪ್ರಸಂಗವನ್ನು ನಮ್ಮ ಓದುಗರು ಅರಿತಿರುವುದು ಒಳಿತು. 2020ರ ಜನವರಿ 19ರಂದು ಚೀನಾದ ಜೆಜಿಯಾಂಗ್ ಪ್ರಾಂತದಲ್ಲಿ ಬೌದ್ಧ ಭಕ್ತರು ಎರಡು ಬಸ್ಸುಗಳಲ್ಲಿ ಒಂದು ಪೂಜಾ ಸಮಾರಂಭಕ್ಕೆ ಹೋದರು. ಒಂದರಲ್ಲಿ 60 ಮಂದಿ, ಮತ್ತೊಂದರಲ್ಲಿ 68 ಮಂದಿ. ಹೋಗಿಬರುವ ಪ್ರಯಾಣವೆಲ್ಲ ಸೇರಿ ಸುಮಾರು 100 ನಿಮಿಷ ಮಾತ್ರ. ಎರಡನೆಯ ಬಸ್ಸಿನಲ್ಲಿ ಒಬ್ಬರಿಗೆ ಸೋಂಕಿತ್ತು. ಬಸ್ಸಿನ ಶೀತಕ ಯಂತ್ರ ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತಿತ್ತು. ಆ ಬಸ್ಸಿನಲ್ಲಿದ್ದ ಇನ್ನೂ 23 ಮಂದಿಗೆ ರೋಗ ತಗಲಿತು. ಮೊದಲ ಬಸ್ಸಿನ 60 ಮಂದಿಯಲ್ಲಿ ಒಬ್ಬರಿಗೂ ತಗಲಲಿಲ್ಲ. ಎರಡೂ ಬಸ್ಸಿನವರು ಕೂಡಿ ಪೂಜಿಸಿದ್ದು ಒಂದೇ ಸ್ಥಳದಲ್ಲಿ. ಸೋಂಕಿತರ ಪಕ್ಕದಲ್ಲೇ ಕುಳಿತಿದ್ದ ಒಬ್ಬರನ್ನು ಬಿಟ್ಟರೆ, ತೆರೆಯಬಹುದಾದ ಕಿಟಕಿಗಳ ಬಳಿ ಕುಳಿತವರು ಬಹುತೇಕ ಪಾರಾದರು.

ಅದೇ ವರ್ಷ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಗಾಯನ ವೃಂದದ ಅಭ್ಯಾಸಕ್ಕೆ ಸೇರಿದ್ದ 61 ಮಂದಿಯಲ್ಲಿ 53 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಮುಚ್ಚಿದ ಕೋಣೆಯಲ್ಲಿ ಗಟ್ಟಿಯಾಗಿ ಹಾಡುವಾಗ ಉಸಿರಿನೊಡನೆ ರೋಗಾಣುಗಳೂ ಹೊರಬೀಳುತ್ತವೆ. ರಾತ್ರಿಯಿಡೀ ಕಿಟಕಿ ಮುಚ್ಚಿದ ಬಸ್ಸಿನಲ್ಲಿ ಜಪಸರ ಮಾಡುತ್ತ, ಗೀತೆ ಹಾಡುತ್ತ ಸಾಗುವ ನಮ್ಮ ಯಾತ್ರೆಗೂ ಈ ಎರಡು ಪ್ರಸಂಗಗಳಿಗೂ ಇರುವ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋವಿಡ್‌ನಂತೆಯೇ ಇನ್‌ಫ್ಲುಯೆಂಜಾ ಜ್ವರವೂ ಹೀಗೆಯೇ ಹರಡುತ್ತದೆ. ಅದು ವರ್ಷ ವರ್ಷವೂ ಬರುತ್ತದೆ.

ಇಷ್ಟನ್ನು ತಿಳಿದ ಮೇಲೆಯೂ ಜ್ವರ ಬಂದವರು ಬಸ್ಸು ಹತ್ತುವುದೇಕೆ? ಭಕ್ತಿಯ ಅತಿರೇಕವೆಂದು ಕೆಲವರು ಹೇಳುವರು. ನಮ್ಮ ಅನುಭವ ಬೇರೆಯೇ ಹೇಳುತ್ತದೆ. ಹೊರಡುವ ಹಿಂದಿನ ರಾತ್ರಿ ಮೈ ಬಿಸಿಯಾದ ತಾಯಿಗೆ ನೆನಪಾಗುವುದು ತಿಂಗಳುಗಟ್ಟಲೆ ಕೂಡಿಟ್ಟು ಕಟ್ಟಿದ ಮುಂಗಡ ಹಣ. ಹೋಗದಿದ್ದರೆ ಅದು ಮರಳುವುದಿಲ್ಲ. ಆದುದರಿಂದ ಒಂದು ಮಾತ್ರೆ ನುಂಗಿ, ಕೆಮ್ಮನ್ನು ಸೆರಗಿನಲ್ಲಿ ಅಡಗಿಸಿ, ಆಕೆ ಬಸ್ಸು ಹತ್ತುತ್ತಾಳೆ. ಹಿಂದಿನ ಆಸನದಲ್ಲಿ ಸಕ್ಕರೆ ಕಾಯಿಲೆಯ ಅಜ್ಜ ಕುಳಿತಿರುತ್ತಾರೆ. ಇಲ್ಲಿ ತಪ್ಪು ಆಕೆಯದೆನ್ನುವುದಕ್ಕಿಂತ ಆಕೆಗೆ ಬೇರೆ ದಾರಿಯನ್ನೇ ಉಳಿಸದ ನಮ್ಮ ಏರ್ಪಾಟಿನದು. ಬಡವನ ಪಾಲಿಗೆ ಆರೋಗ್ಯದ ನಿಯಮವು ಹಣದ ಪ್ರಶ್ನೆಯೂ ಆಗಿರುತ್ತದೆಂಬುದನ್ನು ಮರೆತ ಉಪದೇಶ ಕೇವಲ ಗಾಳಿಮಾತು.

ಆದುದರಿಂದ ಪ್ರತಿಯೊಂದು ಧರ್ಮಕೇಂದ್ರದಲ್ಲಿ ಯಾತ್ರೆಯನ್ನು ಏರ್ಪಡಿಸುವವರು ಮೊದಲು ಮಾಡಬೇಕಾದ ಕೆಲಸ ಒಂದಿದೆ: ಕಾಯಿಲೆಯ ಕಾರಣದಿಂದ ಹಿಂದುಳಿಯುವವರಿಗೆ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸುವುದು, ಇಲ್ಲವೇ ಮುಂದಿನ ಯಾತ್ರೆಗೆ ಅವರ ಆಸನವನ್ನು ಕಾದಿರಿಸುವುದು. ಬಸ್ಸಿನ ಬಾಡಿಗೆ ಹೇಗಿದ್ದರೂ ಕೊಡಲೇಬೇಕಲ್ಲವೇ ಎಂದು ವ್ಯವಸ್ಥಾಪಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಪ್ರತಿ ಯಾತ್ರಿಕನಿಂದ ಅಲ್ಪ ಮೊತ್ತವನ್ನು ಹೆಚ್ಚಾಗಿ ಪಡೆದು ಒಂದು ಸಣ್ಣ ನಿಧಿಯನ್ನು ಮಾಡಿದರೆ, ಬಸ್ಸಿಗೆ ಎರಡು ಮೂರು ಆಸನಗಳ ನಷ್ಟವನ್ನು ತುಂಬಿಕೊಳ್ಳುವುದು ಕಷ್ಟವಲ್ಲ. ಆರೋಗ್ಯವಂತರು ಕಾಯಿಲೆಯವರ ಹೊರೆಯನ್ನು ಹೊರುವ ಈ ಕ್ರಮವೇ ಯಾತ್ರೆಯ ಮೊದಲ ಪುಣ್ಯಕಾರ್ಯವಾಗಲಿ.

ಎರಡನೆಯದಾಗಿ, ಬಸ್ಸನ್ನು ಗೊತ್ತುಪಡಿಸುವಾಗ ಕಿಟಕಿ ತೆರೆಯಬಹುದಾದ ವಾಹನವನ್ನೇ ಆರಿಸಬೇಕು. ಜ್ವರವಿಲ್ಲದವರಿಂದಲೂ ಸೋಂಕು ಹರಡಬಹುದಾದ ಕಾರಣ ಇದು ಬಹುಮುಖ್ಯ. ಮೂರನೆಯದಾಗಿ, ವೃದ್ಧರು, ಗರ್ಭಿಣಿಯರು, ಹೃದ್ರೋಗ ಮತ್ತು ಸಕ್ಕರೆ ಕಾಯಿಲೆಯವರು ಹೊರಡುವ ಕೆಲವು ವಾರಗಳ ಮೊದಲೇ ವೈದ್ಯರನ್ನು ಕಂಡು ಲಸಿಕೆಯ ವಿಚಾರವನ್ನು ಕೇಳಿಕೊಳ್ಳಬೇಕು. ನಾಲ್ಕನೆಯದಾಗಿ, ಚೀಲದಲ್ಲಿ ಕೆಲವು ಮುಖಗವಸುಗಳಿರಲಿ. ದಾರಿಯಲ್ಲಿ ಕೆಮ್ಮು ಕಾಣಿಸಿಕೊಂಡವರು ಸಂಕೋಚವಿಲ್ಲದೆ ಧರಿಸಲಿ. ಮರಳಿ ಬಂದ ಮೇಲೆ ಮೈ ಸರಿಯಿಲ್ಲದವರು ಕ್ಷೇತ್ರದ ಎಣ್ಣೆ, ಜಪಸರಗಳನ್ನು ಹಂಚಲು ಮನೆಮನೆಗೆ ಹೋಗುವುದನ್ನು ಒಂದು ವಾರ ಮುಂದೂಡಲಿ. ಇವುಗಳಲ್ಲಿ ಯಾವುದೂ ಸಿರಿವಂತಿಕೆಯನ್ನು ಬೇಡುವುದಿಲ್ಲ.

ಆರೋಗ್ಯಮಾತೆಯ ಬಳಿಗೆ ಹೋಗುವವರಿಗೆ ರೋಗದ ಭಯವೇಕೆ ಎಂದು ಕೇಳುವ ಭಕ್ತರೂ ಇದ್ದಾರೆ. ಅವರ ವಿಶ್ವಾಸಕ್ಕೆ ನಾವು ತಲೆಬಾಗುತ್ತೇವೆ. ಆದರೆ ನಮ್ಮ ವಿಶ್ವಾಸದ ಪರೀಕ್ಷೆಗೆ ಪಕ್ಕದವರ ಶ್ವಾಸಕೋಶವನ್ನು ಒಡ್ಡುವ ಹಕ್ಕು ನಮಗಿಲ್ಲ. ಧರ್ಮಸಭೆಯೂ ಹಾಗೆ ಕೇಳಿಲ್ಲ. 2020ರ ಮಾರ್ಚ್ ತಿಂಗಳಲ್ಲಿಯೇ ರೋಮಿನಿಂದ ಹೊರಟ ಆದೇಶವು ಕೋವಿಡ್ ಪೀಡಿತರಿಗೂ ಅವರ ಆರೈಕೆ ಮಾಡುವವರಿಗೂ ಅವರಿದ್ದ ಸ್ಥಳದಲ್ಲಿಯೇ ಪೂರ್ಣ ದಂಡವಿಮೋಚನೆಯ ವರವನ್ನು ನೀಡಿತು. 2025ರ ಜೂಬಿಲಿ ವರ್ಷದ ನಿಯಮಗಳೂ ಯಾತ್ರೆಗೆ ಹೋಗಲಾರದ ರೋಗಿಗಳನ್ನು ಮನೆಯಿಂದಲೇ ಯಾತ್ರಿಕರೆಂದು ಪರಿಗಣಿಸಿದವು. ಹಾಸಿಗೆಯಲ್ಲಿ ಮಲಗಿ ಪ್ರಾರ್ಥಿಸುವವನೂ ದಾರಿಯಲ್ಲಿರುವವನೇ.

ಯೇಸುಸ್ವಾಮಿ ಹೇಳಿದ ಸಮಾರಿಯದವನ ಸಾಮತಿಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೆನೆಯಬೇಕು. ಅದರಲ್ಲಿ ಮೂವರು ಪ್ರಯಾಣಿಕರಿದ್ದಾರೆ. ಇಬ್ಬರು ತಮ್ಮ ಪ್ರಯಾಣವನ್ನು ನಿಲ್ಲಿಸದೆ ಮುಂದೆ ಸಾಗಿದರು. ಮೂರನೆಯವನು ನಿಂತನು, ಗಾಯಾಳುವನ್ನು ಛತ್ರಕ್ಕೆ ಸೇರಿಸಿ, ಕೈಯಿಂದ ಹಣ ಕೊಟ್ಟು, ಇನ್ನೂ ಖರ್ಚಾದರೆ ತಾನೇ ಕೊಡುವೆನೆಂದನು. ನೆರೆಯವನೆಂಬ ಹೆಸರು ಸಂದದ್ದು ಅವನಿಗೆ.

ಪ್ರವಾಸಿಗರನ್ನೇ ನಂಬಿ ಬದುಕುವ ಅಂಗಡಿಯವರು, ಚಾಲಕರು, ವಸತಿಗೃಹದ ನೌಕರರು ಬಾಗಿಲು ಮುಚ್ಚಿದ ದಿನಗಳಲ್ಲಿ ಉಪವಾಸ ಬಿದ್ದುದನ್ನು ನಾವು ಮರೆತಿಲ್ಲ. ಅವರ ಒಲೆ ಉರಿಯಬೇಕಾದರೆ ಯಾತ್ರೆ ನಡೆಯಲೇಬೇಕು. ಅದು ನಿಲ್ಲದಂತೆ ನಡೆಯಬೇಕಾದರೆ ನಾವು ಎಚ್ಚರದಿಂದಿರಲೇಬೇಕು. ಈ ಸಲ ಮುಂಗಡ ಹಣ ಕೊಡುವಾಗ ಪ್ರತಿಯೊಂದು ಕುಟುಂಬವೂ ವ್ಯವಸ್ಥಾಪಕರನ್ನು ವಿನಯದಿಂದ ಒಂದು ಮಾತು ಕೇಳಲಿ: ನಮ್ಮಲ್ಲೊಬ್ಬರು ಕಾಯಿಲೆ ಬಿದ್ದರೆ ಈ ಹಣ ಮರಳುವುದೇ? ಹೌದೆಂಬ ಉತ್ತರ ಎಲ್ಲ ಧರ್ಮಕೇಂದ್ರಗಳಿಂದಲೂ ಬರಲಿ ಎಂಬುದೇ ನಮ್ಮ ಹಾರೈಕೆ.