ಗಣಿ ಹೋಯಿತು, ಮಲೆಕುಡಿಯರು ಎಲ್ಲಿಗೆ ಹೋಗಬೇಕು?

ಗಣಿಗಾಗಿ ಹುಟ್ಟಿದ ಊರು ಗಣಿಯೊಂದಿಗೇ ಬರಿದಾಗುತ್ತದೆ. ಇದಕ್ಕೆ ಸಾಕ್ಷಿಯನ್ನು ಹುಡುಕಿ ನಾವು ದೂರ ಹೋಗಬೇಕಾಗಿಲ್ಲ. ಮೂಡಬಿದಿರೆಯಿಂದ ಕಾರ್ಕಳ, ಬಜಗೋಳಿ ದಾಟಿ ಘಟ್ಟ ಹತ್ತಿದರೆ ಕುದುರೆಮುಖದ ಟೌನ್‌ಶಿಪ್ ಸಿಗುತ್ತದೆ.

1975ರಲ್ಲಿ ಇರಾನಿನ ಶಾ ಸರಕಾರವು ಈ ಕಬ್ಬಿಣದ ಅದಿರಿಗಾಗಿ ಸಾಲ ನೀಡಲು ಒಪ್ಪಿತು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪೆನಿ ಸ್ಥಾಪನೆಯಾಯಿತು. 1979ರ ಕ್ರಾಂತಿಯ ಬಳಿಕ ಇರಾನ್ ಹಿಂದೆ ಸರಿದರೂ ಗಣಿ ನಿಲ್ಲಲಿಲ್ಲ. ಕಾಡಿನ ನಡುವೆ ವಸತಿಗೃಹ, ಶಾಲೆ, ಆಸ್ಪತ್ರೆ, ಅಂಗಡಿಗಳು ಎದ್ದವು. ಅದಿರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಯಿತು. ಹೂಳನ್ನು ತಡೆಯಲು ಲಖ್ಯಾ ಅಣೆಕಟ್ಟು ಕಟ್ಟಲಾಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ಮುಚ್ಚಿತು. ನೌಕರರು ಊರು ಬಿಟ್ಟರು, ವಸತಿಗೃಹಗಳು ಖಾಲಿಯಾದವು. ಭದ್ರಾ ನದಿ ಮತ್ತು ಕಾಡಿನ ದೃಷ್ಟಿಯಿಂದ ಆ ತೀರ್ಪು ಸರಿಯಾದುದೇ ಆಗಿತ್ತು.

ಆದರೆ ಆ ಬೆಟ್ಟಗಳ ಜನಸಂಖ್ಯೆಯೆಂದರೆ ಕಂಪೆನಿಯ ನೌಕರರು ಮಾತ್ರವೇ? ಅದೇ ಘಟ್ಟದ ಬುಡದಲ್ಲಿ, ಬೆಳ್ತಂಗಡಿ ತಾಲೂಕಿನ ಕುತ್ಲೂರು ಮುಂತಾದೆಡೆ ಮಲೆಕುಡಿಯರು ತಲೆತಲಾಂತರದಿಂದ ಬಾಳುತ್ತಿದ್ದಾರೆ. 1987ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಬಳಿಕವೂ ಗಣಿಯು 18 ವರ್ಷ ನಡೆಯಿತು. ಬೆಟ್ಟವನ್ನೇ ಅಗೆದವರಿಗೆ ಇಷ್ಟು ಕಾಲಾವಕಾಶ ಸಿಕ್ಕಿತು. ಸೀಗೆ, ಜೇನು ಸಂಗ್ರಹಿಸಿ ಬದುಕುವವರಿಗಾದರೋ, ಪರಿಹಾರ ಪಡೆದು ಹೊರನಡೆಯಿರಿ ಎಂಬ ಒತ್ತಡ! ಇದು ಯಾವ ನ್ಯಾಯ?

ಪ್ರಶ್ನಿಸಿದವರ ಮೇಲೆ ಸಂಶಯದ ಕಣ್ಣು ಬೇರೆ. ಕುತ್ಲೂರಿನ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬನನ್ನು 2012ರಲ್ಲಿ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಲಾಯಿತು. ನ್ಯಾಯಾಲಯವು ಆತನನ್ನು ದೋಷಮುಕ್ತಗೊಳಿಸಿದ್ದು 2021ರಲ್ಲಿ. ಕಳೆದುಹೋದ ಆ ಒಂಬತ್ತು ವರ್ಷಗಳ ನೋವು ಏನೆಂಬುದನ್ನು ಮುಸ್ಲಿಮ್ ಕುಟುಂಬಗಳಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಹಾಗಿದ್ದೂ ನಮ್ಮ ಮೇಲಿನ ಅನ್ಯಾಯಕ್ಕೆ ಬೀದಿಗಿಳಿಯುವ ನಾವು ನೆರೆಯವರ ಮೇಲಿನ ಅನ್ಯಾಯಕ್ಕೆ ಮೌನವಾಗಿರುವುದೇಕೆ?

2006ರ ಅರಣ್ಯ ಹಕ್ಕು ಕಾಯ್ದೆಯು ಇಂಥವರಿಗೆ ಭೂಮಿಯ ಹಕ್ಕನ್ನು ಮಾನ್ಯ ಮಾಡಿದೆ. ಅವರಿಗೆ ಬೇಕಿರುವುದು ಕರುಣೆಯಲ್ಲ. ಹಕ್ಕುಪತ್ರ, ರಸ್ತೆ, ಶಾಲೆ, ವಿದ್ಯುತ್ತು. ಬೆಳ್ತಂಗಡಿ, ಬಂಟ್ವಾಳಗಳನ್ನು ಹಾದು ಹರಿಯುವ ನೇತ್ರಾವತಿ ಹುಟ್ಟುವುದು ಅದೇ ಬೆಟ್ಟಸಾಲಿನಲ್ಲಿ. ಆ ನೀರನ್ನು ಕುಡಿಯುವ ನಾವು, ಆ ಕಾಡನ್ನು ಕೆಡಿಸದೆ ಉಳಿಸಿಕೊಂಡು ಬಂದವರ ಪರವಾಗಿ ನಮ್ಮ ಶಾಸಕರನ್ನು, ಜಿಲ್ಲಾಡಳಿತವನ್ನು ಪ್ರಶ್ನಿಸಬೇಕು. ನೆರೆಯವನ ಹಕ್ಕು ಅವನ ಹಸಿವಿಗಷ್ಟೇ ಸೀಮಿತವಲ್ಲ. ಅವನ ನೆಲೆಗೂ ಅದು ಅನ್ವಯಿಸುತ್ತದೆ.